ಕೈಯಳತೆಯ ಫೋಟೊಗೆ ಮೊಬೈಲ್ ದೂರವಿರಲಿ

ಕುಡುಗೋಲಿಗೆ ಹೊಸ ಹಿಡಿ, ಹೆಂಗಸರ ಕೈಗೆ ಒಗ್ಗುವ ಔಷಧ ಸಿಂಪಡಿಸುವ ಪಂಪು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥ ಪ್ರಾಜೆಕ್ಟ್ ಕೈಗೆತ್ತಿಕೊಂಡರೆ ನನಗೆ ಖುಷಿ. ವರದಿಯ ಅಳತೆಗಳನ್ನು ನೋಡಿದಾಗ ಮಾತ್ರ ಬೇಸರ. ಒಮ್ಮೆ ಒಬ್ಬ ಕೂಲಿ ಹೆಣ್ಣುಮಗಳ ಕೈಯುದ್ದ 182 ಮಿ.ಮೀ. ಎಂದು ಬರೆದಿದ್ದರು. ಆಕೆಯ ಕೈಗೇ ಸ್ಕೇಲ್ ಹಿಡಿದು ನೋಡಿದರೆ 171. ಸಾಫ್ಟ್‌ವೇರ್ ಸರಿಯಾಗಿಯೇ ಎಣಿಸಿತ್ತು, ಫೋಟೊ ತೆಗೆದ ರೀತಿ ತಪ್ಪಾಗಿತ್ತು.

ಬೇಕಾದ ಸಾಫ್ಟ್‌ವೇರ್ ಇಮೇಜ್‌ಜೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರೂಪುಗೊಂಡಿದ್ದು, ಉಚಿತ. ಸಾಮಾನ್ಯ ಕಂಪ್ಯೂಟರಿನಲ್ಲೂ ಓಡುತ್ತದೆ.

ಮೊದಲು ಕೈಗೆ ಗುರುತು ಹಾಕಿ. ಮಣಿಕಟ್ಟಿನಲ್ಲಿ ಎರಡು ಮೂರು ಗೆರೆಗಳಿರುತ್ತವೆ, ಒಬ್ಬೊಬ್ಬರು ಒಂದೊಂದು ಗೆರೆಯಿಂದ ಅಳೆಯುತ್ತಾರೆ. ಹಾಗಾಗದಿರಲು ಮಣಿಕಟ್ಟಿನ ಎರಡೂ ಬದಿಯಲ್ಲಿ ಉಬ್ಬಿರುವ ಮೂಳೆಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಎರಡನ್ನೂ ಸೇರಿಸುವಂತೆ ಅಂಗೈ ಬದಿಯಲ್ಲಿ ಪೆನ್ನಿನಿಂದ ಅಡ್ಡಗೆರೆ ಎಳೆಯಿರಿ. ಅಂಗೈ ಮೇಲಾಗಿ ಮೇಜಿನ ಮೇಲೆ ಕೈಯಿಡಿಸಿ. ಹಾಗಿಟ್ಟಾಗ ಬೆರಳು ತಾನಾಗಿ ಬಾಗುತ್ತದೆ. ಚಾಚಲು ಹೇಳಿ, ಇಲ್ಲದಿದ್ದರೆ ಉದ್ದ ಕಡಿಮೆ ಬರುತ್ತದೆ.

ಪಕ್ಕದಲ್ಲಿ ಅಳತೆ ಗೊತ್ತಿರುವ ವಸ್ತುವೊಂದು ಬೇಕು. ಎಟಿಎಂ ಕಾರ್ಡಿನ ಉದ್ದ 85.6, ಅಗಲ 53.98 ಮಿ.ಮೀ.; ಯಾವ ಬ್ಯಾಂಕಿನದಾದರೂ ಇಷ್ಟೇ. ಅವಧಿ ಮುಗಿದ ಕಾರ್ಡ್ ಬಳಸಿ, ಚಾಲ್ತಿಯ ಕಾರ್ಡಿನ ನಂಬರು ಫೋಟೊದಲ್ಲಿ ಬೀಳುವುದು ಬೇಡ. ರೂಪಾಯಿ ನಾಣ್ಯ ಇಡಲೇಬೇಡಿ. ಹಳೆಯದು 25 ಮಿ.ಮೀ. ಇದ್ದರೆ 2011ರಲ್ಲಿ ಬಂದದ್ದು 22ಕ್ಕೂ ಕಡಿಮೆ.

ಇನ್ನು ಎಲ್ಲರೂ ಎಡವುವ ಜಾಗ. ಕಾರ್ಡು ಮೇಜಿಗೆ ಅಂಟಿಕೊಂಡಿರುತ್ತದೆ. ಕೈ ದಪ್ಪಗಿರುವುದರಿಂದ ಅದರ ಅಂಚು ಮೇಜಿನಿಂದ ಸುಮಾರು ಒಂದೂವರೆ ಸೆಂ.ಮೀ. ಮೇಲಿರುತ್ತದೆ. ಅಷ್ಟರಮಟ್ಟಿಗೆ ಕ್ಯಾಮೆರಾಕ್ಕೆ ಹತ್ತಿರವಾಗಿ, ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೊಬೈಲ್ 25 ಸೆಂ.ಮೀ. ಎತ್ತರದಲ್ಲಿದ್ದರೆ 25ನ್ನು 23.5ರಿಂದ ಭಾಗಿಸಿ: ಶೇ 6ಕ್ಕೂ ಹೆಚ್ಚು ಉಬ್ಬುತ್ತದೆ. 171 ಹೋಗಿ 182 ಆದದ್ದು ಹೀಗೆ. ಅದೇ 150 ಸೆಂ.ಮೀ. ಎತ್ತರದಿಂದ ತೆಗೆದರೆ ತಪ್ಪು ಶೇ 1ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಕೈಯನ್ನು ನೆಲದ ಮೇಲಿನ ಮಣೆಗೆ ಇಳಿಸಿ, ಮೊಬೈಲನ್ನು ಮೇಲೆ ಸ್ಟ್ಯಾಂಡಿಗೆ ಕಟ್ಟಿ, ಜೂಮ್ ಮಾಡಿ. ಜೊತೆಗೆ ಕಾರ್ಡಿನ ಕೆಳಗೆ ಒಂದೂವರೆ ಸೆಂ.ಮೀ. ದಪ್ಪದ ಪುಸ್ತಕ ಇಡಿ. ಎರಡನ್ನೂ ಮಾಡಿ, ಒಂದು ಸಾಕೆಂದು ಬಿಡಬೇಡಿ. ಹೆಚ್ಚು ಜಾಗ ಹಿಡಿಸುವ ವೈಡ್ ಲೆನ್ಸ್ ಅಂತೂ ಬೇಡವೇ ಬೇಡ, ಫೋಟೊದ ಅಂಚಿನಲ್ಲಿರುವುದನ್ನು ಎಳೆದು ಹಿಗ್ಗಿಸುತ್ತದೆ.

ಸ್ಕ್ಯಾನರ್ ಆಗದೇ ಎಂದು ಕೇಳುವವರಿದ್ದಾರೆ. ಉದ್ದಕ್ಕೆ ಆದೀತು. ಅಗಲಕ್ಕೆ ನಾನು ನಂಬುವುದಿಲ್ಲ, ಗಾಜಿಗೆ ಒತ್ತಿದ ಅಂಗೈ ಹರಡಿಕೊಳ್ಳುತ್ತದೆ.

ಫೋಟೊವನ್ನು ಇಮೇಜ್‌ಜೆಯಲ್ಲಿ ತೆರೆದು, ನೇರಗೆರೆಯ ಗುಂಡಿ ಒತ್ತಿ, ಕಾರ್ಡಿನ ಉದ್ದದ ಅಂಚಿಗೆ ಗೆರೆ ಎಳೆಯಿರಿ. 'ಅನಲೈಸ್' ಮೆನುವಿನ 'ಸೆಟ್ ಸ್ಕೇಲ್'ನಲ್ಲಿ ಗೊತ್ತಿರುವ ದೂರ 85.6, ಏಕಮಾನ ಎಂಎಂ ಎಂದು ತುಂಬಿ. 'ಗ್ಲೋಬಲ್' ಚೌಕಕ್ಕೆ ಟಿಕ್ ಹಾಕಬೇಡಿ. ಹಾಕಿದರೆ ಮುಂದಿನ ಫೋಟೊಗೂ ಇದೇ ಸ್ಕೇಲ್ ಅಂಟಿಕೊಳ್ಳುತ್ತದೆ. ಈಗ ಕಾರ್ಡಿನ ಅಗಲಕ್ಕೆ ಗೆರೆ ಎಳೆದು ಕೀಲಿಮಣೆಯ 'ಎಂ' ಒತ್ತಿ. 54ರ ಹತ್ತಿರ ಬರಬೇಕು. 52 ಬಂತೋ, ಮೊಬೈಲ್ ವಾಲಿತ್ತು ಎಂದರ್ಥ. ಆ ಫೋಟೊ ಬಿಟ್ಟು ಬೇರೆ ತೆಗೆಯಿರಿ. ಸರಿಯಿದ್ದರೆ ಪೆನ್ನಿನ ಗೆರೆಯ ನಡುವಿನಿಂದ ನಡುಬೆರಳ ತುದಿಗೆ ಉದ್ದ, ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳುಗಳ ಬುಡದ ಗಂಟುಗಳ ಮಟ್ಟದಲ್ಲಿ ಅಗಲ ಅಳೆಯಿರಿ. ಉಗುರು ಬೆಳೆದಿದ್ದರೆ ಅದನ್ನು ಸೇರಿಸಬೇಡಿ. ಪ್ರತಿ ಅಳತೆಯನ್ನೂ ಮೂರು ಸಲ ತೆಗೆಯಿರಿ.

ಮುಷ್ಟಿಯ ಹಿಡಿತ ಫೋಟೊದಲ್ಲಿ ಸಿಗುವುದಿಲ್ಲ. ಅದಕ್ಕೆ ಬಡಗಿಯಿಂದ ಮರದ ಶಂಕು ಮಾಡಿಸಿ, ಹೆಬ್ಬೆರಳ ತುದಿಗೆ ನಡುಬೆರಳ ತುದಿ ಮುಟ್ಟುವ ಜಾಗದಲ್ಲಿ ವ್ಯಾಸ ಗುರುತಿಸಿ.

ಲೆಕ್ಕದ ಬಗ್ಗೆ ಎರಡೇ ಮಾತು. ಸರಾಸರಿ ಹಿಡಿದು ವಿನ್ಯಾಸ ಮಾಡಬೇಡಿ. ಹಿಡಿಯ ಉದ್ದಕ್ಕೆ ಅಗಲದ ಕೈಗಳ 95ನೇ ಪರ್ಸೆಂಟೈಲ್, ಬೆರಳು ಚಾಚಿ ಒತ್ತಬೇಕಾದ ಗುಂಡಿಗೆ ಚಿಕ್ಕ ಕೈಗಳ 5ನೇ ಪರ್ಸೆಂಟೈಲ್ ತೆಗೆದುಕೊಳ್ಳಿ. ಎಕ್ಸೆಲ್‌ನಲ್ಲಿ ಅದಕ್ಕೆ ಸೂತ್ರವಿದೆ. ಹೋಲಿಕೆಗೆ ದೇಬಕುಮಾರ್ ಚಕ್ರವರ್ತಿ ಅವರು ಭಾರತೀಯರ ದೇಹದಳತೆಗಳನ್ನು ಕಲೆಹಾಕಿದ ಪುಸ್ತಕವಿದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪ್ರಕಟಿಸಿತು. ಅಳತೆ ಕೊಟ್ಟವರ ಒಪ್ಪಿಗೆ ಮೊದಲೇ ಪಡೆದು, ಹೆಸರಿನ ಬದಲು ಸಂಖ್ಯೆ ಬರೆದುಕೊಳ್ಳಿ. ಹಿಡಿ ತಯಾರಾದ ಮೇಲೆ ಅವರ ಕೈಗೇ ಕೊಟ್ಟು ಅರ್ಧ ದಿನ ಕುಯ್ಲು ಮಾಡಿಸಿ ನೋಡಿ.