ಮೊದಲು ಕಣ್ಣು ನಿಲ್ಲಲಿ

ಮಗೂ, ಬಾಸ್ಕೆಟ್‌ಬಾಲ್‌ನ ಫ್ರೀ ಥ್ರೋ ಸುಧಾರಿಸಿಕೊಳ್ಳಲು ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ತರಿಸಿದ್ದೀಯ ಎಂದು ತಿಳಿದು ಸಂತೋಷವಾಯಿತು. ಧಾರಾಳವಾಗಿ ಬಳಸು. ಆದರೆ ಅದು ಏನನ್ನು ಕಲಿಸುತ್ತದೆ, ಏನನ್ನು ಕಲಿಸಲಾರದು ಎಂಬುದು ಗೊತ್ತಿರಲಿ.

ಚೆಂಡು ರಿಂಗಿಗೆ ಬಡಿದು ಹೊರಬಿದ್ದರೆ ನಾವೆಲ್ಲ ದೂರುವುದು ಕೈಯನ್ನೇ. ಮೊಣಕೈ ಸರಿಯಿಲ್ಲ, ಮಣಿಕಟ್ಟು ಬಗ್ಗಲಿಲ್ಲ ಎನ್ನುತ್ತೇವೆ. ಆದರೆ ಎಷ್ಟು ದೂರಕ್ಕೆ, ಯಾವ ಕಡೆಗೆ ಎಸೆಯಬೇಕೆಂದು ಕೈಗೆ ಹೇಳುವುದು ಕಣ್ಣು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ 1990ರ ದಶಕದಲ್ಲಿ ಆಟಗಾರ್ತಿಯರ ನೋಟವನ್ನೇ ಅಳೆದು ನೋಡಿದರು. ನುರಿತವರ ನೋಟ ಕೈ ಏಳುವ ಮೊದಲೇ ರಿಂಗಿನ ಒಂದು ಜಾಗದಲ್ಲಿ ನೆಲೆನಿಂತಿರುತ್ತಿತ್ತು. ಉಳಿದವರ ನೋಟ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಈ ನೆಲೆನಿಂತ ನೋಟಕ್ಕೆ ಅವರಿಟ್ಟ ಹೆಸರು ‘ಕ್ವೈಟ್ ಐ’. ಮುಂದೆ ಒಂದು ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ಇದನ್ನೇ ಕಲಿಸಿದರು. ಆ ಅಧ್ಯಯನ ಪ್ರಕಟವಾದದ್ದು 2001ರಲ್ಲಿ. ಎರಡು ಸೀಸನ್ ಕಳೆಯುವಷ್ಟರಲ್ಲಿ ಪಂದ್ಯಗಳಲ್ಲಿ ನೂರು ಫ್ರೀ ಥ್ರೋಗೆ ಮೊದಲಿಗಿಂತ 20ಕ್ಕೂ ಹೆಚ್ಚು ಬಾಸ್ಕೆಟ್ ಆಗತೊಡಗಿದವು.

ಮಾಡುವ ಕ್ರಮ ಸರಳ. ಲೈನಿನ ಮೇಲೆ ನಿಂತು ಚೆಂಡನ್ನು ಮೂರು ಸಲ ಪುಟಿಸು. ತಲೆ ಎತ್ತಿ ರಿಂಗಿನ ಮುಂದಿನ ಅಂಚನ್ನೋ ಹಿಂದಿನ ಅಂಚನ್ನೋ ಆರಿಸಿಕೋ, ದಿನಕ್ಕೊಂದು ಬದಲಿಸಬೇಡ. ಅಲ್ಲೇ ಒಂದೂವರೆ ಸೆಕೆಂಡು ಕಣ್ಣು ನಿಲ್ಲಿಸಿ, ಆಮೇಲೆ ತಡಮಾಡದೆ ಎಸೆ. ಚೆಂಡು ಮೇಲೇಳುತ್ತ ಮುಖದ ಮುಂದೆ ಬಂದಾಗ ರಿಂಗು ಮರೆಯಾಗುತ್ತದೆ. ಆಗ ತಲೆ ವಾಲಿಸಿ ಅದನ್ನು ಹುಡುಕಬೇಡ. ನೋಡುವ ಕೆಲಸ ಅಷ್ಟರಲ್ಲಿ ಮುಗಿದಿರಬೇಕು. ಅಂತಾರಾಷ್ಟ್ರೀಯ ನಿಯಮ ನಿನಗೆ ಕೊಡುವ 5 ಸೆಕೆಂಡು ಇದಕ್ಕೆ ಸಾಕು.

ಹೆಡ್‌ಸೆಟ್ ನೆರವಾಗುವುದು ಈ ಅಭ್ಯಾಸಕ್ಕೆ. ಪಕ್ಕದಲ್ಲಿ ನಿಂತ ಕೋಚ್‌ಗೆ ನಿನ್ನ ಮೊಣಕೈ ಕಾಣುತ್ತದೆ, ನೋಟ ಎಲ್ಲಿತ್ತು ಎಂಬುದು ಕಾಣುವುದಿಲ್ಲ. ಕಣ್ಣಿನ ಜಾಡು ಹಿಡಿಯುವ ಹೆಡ್‌ಸೆಟ್ ಆದರೆ ಅದನ್ನು ಚುಕ್ಕಿ ಇಟ್ಟು ತೋರಿಸುತ್ತದೆ. ಗ್ಯಾಲರಿಯ ಗದ್ದಲವನ್ನೂ ಕೇಳಿಸಿ, ಅದರ ನಡುವೆ ನೋಟ ಕದಲದಂತೆ ಪಳಗಿಸುತ್ತದೆ.

ದೂರದ ಅಂದಾಜನ್ನು ಮಾತ್ರ ಅದರಿಂದ ಕಲಿಯಬೇಡ. ಅಲ್ಲಿ ರಿಂಗು ಹತ್ತಿರ ಬಂದರೂ ದೂರ ಹೋದರೂ ಕಣ್ಣಿನ ಮಸೂರ ಹೊಂದಿಕೊಳ್ಳಬೇಕಾದದ್ದು ಒಂದೇ ದೂರಕ್ಕೆ. ಎರಡೂ ಕಣ್ಣಿನ ನೋಟ ಒಂದೆಡೆ ಸೇರುವ ಕೋನ ಹೇಳುವುದೇ ಒಂದು, ಮಸೂರ ಹೇಳುವುದೇ ಇನ್ನೊಂದು. ಅಲ್ಲದೆ ಅಲ್ಲಿ ದೂರ ಎಷ್ಟೋ ಸಲ ಇದ್ದುದಕ್ಕಿಂತ ಕಡಿಮೆ ಅನ್ನಿಸುತ್ತದೆ. ಅರ್ಧ ಕೆಜಿಗೂ ಮೀರಿದ ಚೆಂಡಿನ ಭಾರ, ಬೆರಳ ತುದಿಗೆ ತಾಗುವ ಅದರ ಒರಟು ಇವೂ ಅಲ್ಲಿ ಸಿಗುವುದಿಲ್ಲ. ಆದ್ದರಿಂದ ಹೆಡ್‌ಸೆಟ್ಟಿನಲ್ಲಿ ಕಾಲು ಗಂಟೆ ಕಳೆದರೆ, ಅದೇ ದಿನ ಅಂಗಳಕ್ಕಿಳಿದು ನಿಜವಾದ ರಿಂಗಿಗೆ ಎಸೆ. ಓಡಿ ಏದುಸಿರು ಬರುವಾಗಲೇ ಎರಡೆರಡು ಎಸೆತ ಹಾಕು. ಪಂದ್ಯದಲ್ಲಿ ಫ್ರೀ ಥ್ರೋ ಬರುವುದು ಹಾಗೆಯೇ. ತಪ್ಪಿದಾಗ ಕೈ ಏನು ಮಾಡಿತು ಎಂದು ಕೇಳುವ ಮೊದಲು, ಎಲ್ಲಿ ನೋಡುತ್ತಿದ್ದೆ ಎಂದು ನಿನ್ನನ್ನೇ ಕೇಳಿಕೋ.

ಇನ್ನೊಂದು ಮಾತು. ನಿನ್ನ ತಂಡದಲ್ಲಿ ಹೆಡ್‌ಸೆಟ್ ಕೊಳ್ಳಲಾಗದ ಮಕ್ಕಳಿದ್ದಾರೆ. ನೀನು ಕಂಡುಕೊಂಡದ್ದನ್ನು ಅವರಿಗೂ ಹೇಳಿಕೊಡು. ರಿಂಗಿನ ಮೇಲೆ ಒಂದೂವರೆ ಸೆಕೆಂಡು ಕಣ್ಣು ನಿಲ್ಲಿಸುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ.