ನಾಯಿಗೆ ಕಲಿಸುವ ಕ್ರಮವನ್ನು ಆರಿಸಿಕೊಳ್ಳುವ ವಿಚಾರ

ನಾಯಿಮರಿಯನ್ನು ಮನೆಗೆ ತರುವುದಕ್ಕೆ ಮುಂಚೆಯೇ ಅದಕ್ಕೆ ಕಲಿಸುವ ಕ್ರಮವನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ನಾವು ಬೊಮ್ಮನಹಳ್ಳಿಯ ನಿವಾಸಿಗಳು. ಇಲ್ಲಿನ ಇಕ್ಕಟ್ಟಾದ ಅಡ್ಡರಸ್ತೆಗಳಲ್ಲಿ ಮಕ್ಕಳೂ ದ್ವಿಚಕ್ರವಾಹನಗಳೂ ಬೀದಿನಾಯಿಗಳೂ ಒಟ್ಟಿಗೆ ಸಂಚರಿಸುವುದರಿಂದ, ಮಾತು ಕೇಳದ ನಾಯಿಯು ನೆರೆಯವರಿಗೆಲ್ಲ ಉಪದ್ರವವಾಗುವುದು. ಆದಕಾರಣ ಮೊದಲ ಸಲ ನಾಯಿ ಸಾಕಬೇಕೆಂದಿರುವ ಹಳೆಯ ವಿದ್ಯಾರ್ಥಿನಿಯರಿಗೂ, ಮಕ್ಕಳ ಹಟಕ್ಕೆ ಮಣಿಯಲಿರುವ ತಾಯ್ತಂದೆಗಳಿಗೂ ನಾಲ್ಕು ಮಾತು ಹೇಳಬಯಸುತ್ತೇವೆ.

ಕ್ರಮಗಳು ಹಲವೆಂದು ಕಂಡರೂ ಬುಡದಲ್ಲಿ ಎರಡೇ: ತಪ್ಪಿದಾಗ ನೋಯಿಸುವುದು ಒಂದು, ಸರಿಯಾಗಿ ನಡೆದಾಗ ಬಹುಮಾನ ಕೊಡುವುದು ಇನ್ನೊಂದು. ಅನೇಕ ಶಿಕ್ಷಕರು ಎರಡನ್ನೂ ಬೆರಸುವರು.

ಮೊದಲನೆಯದನ್ನು ಹಿಡಿದವರು, ನಾಯಿಯು ತೋಳನ ವಂಶದ್ದಾದ್ದರಿಂದ ಅದನ್ನು ಅಡಗಿಸಿ ಯಜಮಾನಿಕೆ ಸ್ಥಾಪಿಸಬೇಕೆನ್ನುವರು. ಈ ಮಾತಿಗೆ ಬಹುಮಟ್ಟಿಗೆ ಆಧಾರವಾದದ್ದು, ಸೆರೆಯಲ್ಲಿದ್ದ ತೋಳಗಳನ್ನು ನೋಡಿ ಶೆಂಕೆಲ್ ಎಂಬವರು 1947ರಲ್ಲಿ ಬರೆದ ಲೇಖನ. ಅದನ್ನು 1970ರ ತಮ್ಮ ಗ್ರಂಥದಿಂದ ಪ್ರಸಿದ್ಧಿಗೊಳಿಸಿದ ಡೇವಿಡ್ ಮೆಕ್ ಎಂಬವರೇ, ಕಾಡಿನ ತೋಳಗಳನ್ನು ವರ್ಷಗಟ್ಟಲೆ ಕಂಡ ಮೇಲೆ, ಹಿಂಡೆಂದರೆ ಸಾಮಾನ್ಯವಾಗಿ ತಂದೆತಾಯಿಯೂ ಮರಿಗಳೂ ಕೂಡಿದ ಸಂಸಾರವೆಂದು 1999ರಲ್ಲಿ ತಿದ್ದಿ ಬರೆದರು. ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುವ ಪಂಡಿತರು ವಿರಳವೆಂಬುದನ್ನು ಬಲ್ಲೆವು. 2020ರಲ್ಲಿ ಪೋರ್ಚುಗಲ್ ದೇಶದ 92 ಸಾಕುನಾಯಿಗಳ ಪರಿಶೀಲನೆಯು ಪ್ರಕಟವಾಯಿತು. ನೋಯಿಸಿ ಕಲಿಸಿದ ನಾಯಿಗಳು ಪಾಠದ ವೇಳೆಯಲ್ಲಿ ಹೆಚ್ಚಾಗಿ ತುಟಿ ನೆಕ್ಕಿಕೊಂಡವು, ಆಕಳಿಸಿದವು. ಅವುಗಳ ಜೊಲ್ಲಿನಲ್ಲಿ ಕಳವಳದ ರಸವಾದ ಕಾರ್ಟಿಸೋಲ್ ಏರಿತ್ತು.

ನಮ್ಮ ಬೀದಿಯ ಒಂದು ಮನೆಯಲ್ಲಿ, ಉಣ್ಣುವ ತಟ್ಟೆಯ ಬಳಿಗೆ ಮಗು ಬಂದಾಗ ನಾಯಿಯು ಗುರುಗುಟ್ಟುತ್ತಿತ್ತು. ಒಬ್ಬ ಶಿಕ್ಷಕನು ಬಂದು, ಗುರುಗುಟ್ಟಿದಾಗಲೆಲ್ಲ ಕತ್ತು ಬಿಗಿಯುವ ಸರಪಣಿಯನ್ನು ಜಗ್ಗಿದನು. ವಾರದಲ್ಲಿ ಸದ್ದು ನಿಂತಿತು. ಮನೆಯವರಿಗೆ ಸಂತೋಷವೇ ಆಯಿತು. ಎರಡು ತಿಂಗಳಾದ ಮೇಲೆ ಅದು ಸದ್ದಿಲ್ಲದೆ ಮಗುವಿನ ಕೈ ಕಚ್ಚಿತು. ತಾಯಿಯು ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ದಳು. ನಾಯಿಗೆ ಇದ್ದ ಭಯವು ಹೋಗಿರಲಿಲ್ಲ. ಭಯವನ್ನು ತಿಳಿಸುವ ದನಿ ಮಾತ್ರ ಹೋಗಿತ್ತು. ಗುರುಗುಟ್ಟುವ ನಾಯಿಯಿಂದ ಮಗುವನ್ನು ದೂರವಿಟ್ಟು, ಕಾರಣವನ್ನು ಹುಡುಕಬೇಕಾಗಿತ್ತು.

ಬಹುಮಾನದ ಕ್ರಮದಲ್ಲಿ ಮುಖ್ಯವಾದದ್ದು ಹೊತ್ತು. ಬೇಯಿಸಿದ ಕೋಳಿಯ ಚೂರೊಂದನ್ನು ಮರಿಯ ಮೂಗಿನ ಮುಂದೆ ಹಿಡಿದು ಮೆಲ್ಲನೆ ತಲೆಯ ಮೇಲಕ್ಕೆ ಹಿಂದೆ ಸರಿಸಿರಿ. ಮೂತಿ ಮೇಲೇರಿದಂತೆ ಹಿಂಭಾಗವು ತಾನಾಗಿ ನೆಲಕ್ಕಿಳಿಯುವುದು. ಆ ಕ್ಷಣದಲ್ಲಿಯೇ "ಭೇಷ್" ಎಂದು ಚೂರನ್ನು ಕೊಡತಕ್ಕದ್ದು. ಜೇಬು ತಡಕುವಷ್ಟರಲ್ಲಿ ಅದು ಎದ್ದರೆ, ನೀವು ಎದ್ದದ್ದಕ್ಕೆ ಕೂಲಿ ಕೊಟ್ಟಂತಾಯಿತು. ಪಾಠವು ಐದು ನಿಮಿಷಕ್ಕೆ ಮೀರಬಾರದು. ಮನೆಮಂದಿಯೆಲ್ಲ ಒಂದೇ ಮಾತನ್ನು ಬಳಸಬೇಕು. ಅಜ್ಜಿ "ಕೂತ್ಕೋ" ಎಂದು, ಮೊಮ್ಮಗ "ಸಿಟ್" ಎಂದರೆ ಪಾಪ, ನಾಯಿಯು ಯಾರ ಭಾಷೆಯನ್ನು ಕಲಿತೀತು? ಇದು ಮುದ್ದಿನಿಂದ ಕೆಡಿಸುವುದಲ್ಲವೇ ಎನ್ನುವವರುಂಟು. ಅಲ್ಲ, ಮೈಮೇಲೆ ಹಾರುವ ನಾಯಿಗೆ ಬೆನ್ನು ತಿರುಗಿಸಿ, ನಾಲ್ಕು ಕಾಲೂರಿ ನಿಂತಾಗ ಮಾತ್ರ ಮಾತನಾಡಿಸುವುದೂ ಈ ಕ್ರಮದ ಶಿಸ್ತೇ. ತಳಿಯ ಸ್ವಭಾವವನ್ನೂ ಅರಿಯಬೇಕು. ಮುಧೋಳದ ಬೇಟೆನಾಯಿಯು ಕಣ್ಣಿಗೆ ಬಿದ್ದುದನ್ನು ಅಟ್ಟುವುದಕ್ಕೆಂದೇ ಬೆಳೆದುಬಂದ ತಳಿ. ಬೆಕ್ಕಿನ ಹಿಂದೆ ಓಡಿತೆಂದು ಹೊಡೆಯುವುದಕ್ಕಿಂತ ಹಗ್ಗ ಬಿಡದಿರುವುದು ಲೇಸು.

ಶಿಕ್ಷಕನನ್ನು ಗೊತ್ತುಮಾಡುವ ಮುಂಚೆ ಅವನ ಒಂದು ಪಾಠವನ್ನು ನೋಡಿ ಬನ್ನಿರಿ. ಅವನ ಮಾತಿಗಿಂತ ನಾಯಿಗಳ ಬಾಲವನ್ನು ಗಮನಿಸುವುದು ಒಳ್ಳೆಯದು: ಕಾಲಸಂದಿನಲ್ಲಿ ಅಡಗಿದೆಯೋ, ಸಡಿಲವಾಗಿ ಆಡುತ್ತಿದೆಯೋ? ವಿದ್ಯುತ್ತಿನ ಪಟ್ಟಿಯನ್ನು ತೋರಿಸಿದರೆ ಹಿಂದಿರುಗಿರಿ. ವೇಲ್ಸ್ ದೇಶವು ಅದನ್ನು 2010ರಲ್ಲಿಯೇ ನಿಷೇಧಿಸಿತು. ನಾಯಿಯನ್ನು ತಿಂಗಳುಗಟ್ಟಲೆ ಬಿಟ್ಟುಹೋಗಿರಿ ಎನ್ನುವವನಿಗಿಂತ, ಮನೆಯವರಿಗೆ ಕಲಿಸುವವನು ಮೇಲು.

ಮರಿಯು ಲೋಕವನ್ನು ಅಂಜದೆ ಅರಿತುಕೊಳ್ಳುವ ಕಾಲವು ಹೆಚ್ಚುಕಡಮೆ ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗೆ. ಲಸಿಕೆಗಳು ಪೂರ್ತಿಯಾಗುವ ತನಕ ಬೀದಿಯ ನೆಲಕ್ಕೆ ಬಿಡದೆ, ತೋಳಿನಲ್ಲೆತ್ತಿಕೊಂಡು ತರಕಾರಿಯ ಗಾಡಿ, ಆಟೋರಿಕ್ಷಾ, ಬಿಚ್ಚಿದ ಕೊಡೆ, ಶಾಲೆ ಬಿಟ್ಟು ಬರುವ ಮಕ್ಕಳ ಗುಂಪು, ಇವುಗಳನ್ನು ದೂರದಿಂದ ತೋರಿಸಿಕೊಂಡು ಬರಬಹುದು.