ಖಾಸಗಿ ಸೇನೆಗಳೂ ಅಂತರರಾಷ್ಟ್ರೀಯ ಭದ್ರತೆಯೂ: ರಜಾಕಾರ ಹಾವಳಿಯ ಒಂದು ಪರಿಶೀಲನೆ

ಭೂಮಿ ಮತ್ತು ಜನ ಇದ್ದಮಾತ್ರಕ್ಕೆ ರಾಜ್ಯವಾಗುವುದಿಲ್ಲ. ತನ್ನ ಎಲ್ಲೆಯೊಳಗೆ ಆಯುಧ ಹಿಡಿಯುವ ಅಧಿಕಾರ ಯಾರಿಗುಂಟು, ಯಾರಿಗಿಲ್ಲ ಎಂಬುದನ್ನು ನಿರ್ಣಯಿಸುವ ಶಕ್ತಿಯೂ ಅದಕ್ಕೆ ಇರಬೇಕೆಂದು ರಾಜ್ಯಶಾಸ್ತ್ರಜ್ಞರು ಹೇಳುತ್ತಾರೆ. ಈ ಅಧಿಕಾರವನ್ನು ಒಂದು ಪಕ್ಷವು ಕೈಗೆ ತೆಗೆದುಕೊಂಡರೆ ಆಗುವುದೇನು? ಇದಕ್ಕೆ ಉತ್ತರವನ್ನರಸಿ ದೂರ ಹೋಗಬೇಕಾಗಿಲ್ಲ. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು 1947-48ರಲ್ಲಿ ಕಂಡ ರಜಾಕಾರ ಹಾವಳಿಯೇ ತಕ್ಕ ನಿದರ್ಶನವಾಗಿದೆ.

1947ರ ಆಗಸ್ಟ್ 15ರಂದು ಭಾರತವು ಸ್ವತಂತ್ರವಾದಾಗ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಹೈದರಾಬಾದು ಸಂಸ್ಥಾನವನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಲು ಬಯಸಿದರು. ನಮ್ಮ ನಾಲ್ಕು ತಾಲೂಕುಗಳು ಆ ಸಂಸ್ಥಾನದ ಅಂಚಿನಲ್ಲಿದ್ದವು. ಪಡುವಲಿಗೆ ಮುಂಡರಗಿ, ಗಜೇಂದ್ರಗಡಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ತೆಂಕಲಿಗೆ ತುಂಗಭದ್ರೆಯಾಚೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಿತ್ತು. ಬೀಗರು ನೆಂಟರು ಹೋಗಿಬರುತ್ತಿದ್ದ ಎಲ್ಲೆಯು ಎರಡು ದೇಶಗಳ ಗಡಿಯಾಗುವ ಲಕ್ಷಣ ತೋರಿತು.

‘ರಜಾಕಾರ’ ಎಂದರೆ ಸ್ವಯಂಸೇವಕ. 1927ರಲ್ಲಿ ಹುಟ್ಟಿದ ಇತ್ತೆಹಾದುಲ್ ಮುಸ್ಲಿಮೀನ್ ಸಂಸ್ಥೆಯ ಈ ದಳಕ್ಕೆ ಲಾತೂರಿನ ವಕೀಲ ಕಾಸಿಂ ರಜ್ವಿ ನಾಯಕನಾದನು. ಇದು ನಿಜಾಮರ ಸೈನ್ಯವಲ್ಲ. ಆದರೆ ಸರ್ಕಾರವು ಇದನ್ನು ತಡೆಯಲೂ ಇಲ್ಲ. 1947ರ ಅಕ್ಟೋಬರ್ 27ರಂದು, ದೆಹಲಿಗೆ ಒಪ್ಪಂದಕ್ಕಾಗಿ ಹೊರಡಲಿದ್ದ ನಿಯೋಗದವರ ಮನೆಗಳನ್ನು ಇತ್ತೆಹಾದಿನ ಗುಂಪು ಮುತ್ತಿ ಪ್ರಯಾಣವನ್ನೇ ನಿಲ್ಲಿಸಿತು. ಪ್ರಧಾನಿ ಛತಾರಿಯ ನವಾಬರು ರಾಜೀನಾಮೆ ಕೊಟ್ಟರು. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿದ್ದಿತಾದರೂ ಸಂಸ್ಥಾನದ ಪರರಾಷ್ಟ್ರ ನೀತಿಯನ್ನು ಬೀದಿಯ ದಳವೊಂದು ನಿರ್ಧರಿಸಬಲ್ಲುದೆಂಬುದು ಆಗಲೇ ಸಿದ್ಧವಾಗಿತ್ತು.

ಗಡಿಯ ಹಳ್ಳಿಗರ ಪಾಡು ಕರುಣಾಜನಕ. ಸುಲಿಗೆಗೆ ಅಂಜಿ ಅನೇಕ ಕುಟುಂಬಗಳು ಊರು ತೊರೆದು ಗಡಿಯಾಚೆ ಆಶ್ರಯ ಪಡೆದವು. ಅಲ್ಲಿಯೇ ಪ್ರತಿಭಟನೆಯ ಶಿಬಿರಗಳೂ ತಲೆಯೆತ್ತಿದವು. ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರೂ ಮುಂದಾಳುಗಳು. ಶಿಬಿರದ ತರುಣರು ಗಡಿ ದಾಟಿ ಠಾಣೆಗಳ ಮೇಲೆ ದಾಳಿ ಮಾಡಿದರು.

ಇಲ್ಲಿ ವಿದ್ಯಾರ್ಥಿಯು ಒಂದು ಪ್ರಶ್ನೆಯನ್ನು ಎದುರಿಸಲೇಬೇಕು. ಇವರೂ ಆಯುಧ ಹಿಡಿದವರೇ ಅಲ್ಲವೆ? 1907ರ ಹೇಗ್ ನಿಯಮಗಳು ಇಂಥ ದಳಗಳಿಗೆ ನಾಲ್ಕು ಕಟ್ಟಳೆಗಳನ್ನು ವಿಧಿಸಿವೆ: ಹೊಣೆಗಾರನಾದ ನಾಯಕನಿರಬೇಕು, ದೂರದಿಂದ ಗುರುತಿಸಬಹುದಾದ ಚಿಹ್ನೆಯಿರಬೇಕು, ಆಯುಧವನ್ನು ಬಹಿರಂಗವಾಗಿ ಧರಿಸಬೇಕು, ಯುದ್ಧಧರ್ಮವನ್ನು ಪಾಲಿಸಬೇಕು. ಆದರೆ ಈ ಬಾಹ್ಯ ಲಕ್ಷಣಗಳಿಂದಷ್ಟೇ ನಮ್ಮ ಪ್ರಶ್ನೆ ಬಗೆಹರಿಯದು. ಕೆಲಸ ಮುಗಿದ ಮೇಲೆ ದಳವು ಯಾರಿಗೆ ತಲೆಬಾಗುತ್ತದೆಂಬುದನ್ನೂ ನೋಡಬೇಕು. ವಿಮೋಚನೆಯ ತರುವಾಯ ಶಿಬಿರಗಳು ಮುಚ್ಚಿದವು. ಶಿವಮೂರ್ತಿಸ್ವಾಮಿಗಳು 1952ರಲ್ಲಿ ಕುಷ್ಟಗಿ ಕ್ಷೇತ್ರದಿಂದ, ಮತದ ಮೂಲಕ, ಲೋಕಸಭೆಗೆ ಹೋದರು. ರಜಾಕಾರ ದಳವಾದರೋ ಸರ್ಕಾರದ ನೆತ್ತಿಯ ಮೇಲೆಯೇ ಕುಳಿತಿತ್ತು.

ಹೀಗೆ ಹಳ್ಳಿಯ ಕಲಹವು ವಿಶ್ವದ ವಿಚಾರವಾಯಿತು. 1948ರ ಆಗಸ್ಟ್ 21ರಂದು ಹೈದರಾಬಾದು ಸರ್ಕಾರವು ಭದ್ರತಾ ಮಂಡಳಿಗೆ ದೂರಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 16ರಂದು ಪ್ಯಾರಿಸಿನಲ್ಲಿ ಸೇರಿದ ಮಂಡಳಿಯು ವಿಷಯವನ್ನು ಎತ್ತಿಕೊಂಡಿತು. ಮರುದಿನವೇ ನಿಜಾಮರು ಕದನವಿರಾಮ ಸಾರಿದರು. 22ರಂದು ದೂರನ್ನು ಹಿಂತೆಗೆದುಕೊಳ್ಳುವುದಾಗಿ ತಂತಿ ಕಳಿಸಿದರು. ಅದೇ ವರ್ಷದ ಜನವರಿ 1ರಂದು, ಕಾಶ್ಮೀರಕ್ಕೆ ನುಗ್ಗಿದ ಬುಡಕಟ್ಟಿನ ಪಡೆಗಳ ವಿಷಯದಲ್ಲಿ ಭಾರತವೇ ಮಂಡಳಿಗೆ ದೂರಿತ್ತು. ಒಂದೇ ವರ್ಷದಲ್ಲಿ ನಮ್ಮ ದೇಶವು ಒಮ್ಮೆ ವಾದಿಯಾಗಿ, ಒಮ್ಮೆ ಪ್ರತಿವಾದಿಯಾಗಿ ಅಲ್ಲಿ ನಿಂತಿತು. ಎರಡು ಬಾರಿಯೂ ಮೂಲದಲ್ಲಿದ್ದವು ಸೈನ್ಯವಲ್ಲದ ಸೇನೆಗಳು.

ಇತಿಹಾಸವನ್ನು ಅರ್ಧ ಓದಬಾರದು. ಪೊಲೀಸ್ ಕಾರ್ಯಾಚರಣೆಯ ಕಾಲದಲ್ಲಿಯೂ ಅನಂತರವೂ, ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಎಷ್ಟೋ ಮುಸಲ್ಮಾನರು ಸೇಡಿಗೆ ಬಲಿಯಾದರು. ಭಾರತ ಸರ್ಕಾರವು ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿಯು ಸತ್ತವರ ಸಂಖ್ಯೆಯನ್ನು 27,000ದಿಂದ 40,000ದವರೆಗೆ ಅಂದಾಜು ಮಾಡಿತು; ಉಸ್ಮಾನಾಬಾದು, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳು ಹೆಚ್ಚು ನೊಂದವು. ಒಂದು ಸಮುದಾಯದ ಹೆಸರಿನಲ್ಲಿ ಆಯುಧ ಹಿಡಿದವನು ಆ ಸಮುದಾಯಕ್ಕೇ ಆಪತ್ತನ್ನು ತರುತ್ತಾನೆ. ರಜ್ವಿ 1957ರಲ್ಲಿ ಸೆರೆಯಿಂದ ಹೊರಬಂದು ಪಾಕಿಸ್ತಾನಕ್ಕೆ ಹೋದನು. ಅವನು ಕೆರಳಿಸಿದ ಬೆಂಕಿಯಲ್ಲಿ ಬೆಂದವರು ಬಡವರು.

ಈ ಅಪಾಯವನ್ನು ಅಂತರರಾಷ್ಟ್ರೀಯ ಕಾನೂನು ಗುರುತಿಸಿದೆ. ಒಂದು ರಾಷ್ಟ್ರವು ಮತ್ತೊಂದರ ಮೇಲೆ ಸಶಸ್ತ್ರ ತಂಡಗಳನ್ನು ಕಳುಹಿಸಿ ಗುರುತರವಾದ ಬಲಪ್ರಯೋಗ ನಡೆಸಿದರೆ ಅದೂ ಆಕ್ರಮಣವೆಂದು ವಿಶ್ವಸಂಸ್ಥೆಯ ಮಹಾಸಭೆಯು 1974ರಲ್ಲಿ ನಿರೂಪಿಸಿತು. ಆದರೂ ಪಾಠ ಪೂರ್ಣವಾಗಿಲ್ಲ. ಸೂಡಾನಿನ ಸರ್ಕಾರವು 2003ರಿಂದ ಡಾರ್ಫುರಿನಲ್ಲಿ ಜಂಜಾವೀದ್ ದಳಗಳಿಗೆ ಆಯುಧ ಕೊಟ್ಟಿತು. ಅವುಗಳಿಂದ ಬೆಳೆದ ಪಡೆಯೇ 2023ರ ಏಪ್ರಿಲಿನಲ್ಲಿ ಆ ದೇಶದ ಸೈನ್ಯದೊಡನೆ ಯುದ್ಧಕ್ಕಿಳಿಯಿತು. ಸಾಕಿದ ಹಾವು ಸಾಕಿದವನನ್ನೂ ಕಚ್ಚಿತು.

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ನಮ್ಮ ಭಾಗದಲ್ಲಿ ವಿಮೋಚನೆಯ ನೆನಪಿಗೆ ಧ್ವಜವೇರುತ್ತದೆ. ಅಂದು ವೀರರನ್ನು ನೆನೆಯುವುದು ನ್ಯಾಯ. ಅದರ ಜೊತೆಗೆ, ಆಯುಧವು ಕಾನೂನಿನ ಕೈಯಲ್ಲಿಯೇ ಇರಬೇಕು, ಕಾನೂನು ಎಲ್ಲರನ್ನೂ ಸಮನಾಗಿ ಕಾಯಬೇಕು ಎಂಬ ತತ್ವವನ್ನೂ ನೆನೆಯುವುದು ವಿದ್ಯಾವಂತರ ಕರ್ತವ್ಯವಾಗಿದೆ.